ಗೆದ್ದ ಶಾಲೆಗೆ ಕೋಚ್ ಯಾಕೆ ಬೇಕು?

ಕೋಚ್ ಆಗಿ ಹೋಗಲು ಎಲ್ಲಕ್ಕಿಂತ ಒಳ್ಳೆಯ ಶಾಲೆ ಯಾವುದು? ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳುವವರು ನನಗೆ ಗೊತ್ತಿರುವಂತೆ ಎರಡು ಗುಂಪಿನವರು. ಒಂದು, ಕಂಪ್ಯೂಟರಿನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟ ಆಡುವ ಹುಡುಗರು. ಇನ್ನೊಂದು, ವರ್ಗಾವಣೆ ಕೌನ್ಸೆಲಿಂಗಿಗೆ ಹೋಗಿ ಕೂರುವ ನಮ್ಮಂಥ ದೈಹಿಕ ಶಿಕ್ಷಣದ ಮೇಷ್ಟ್ರುಗಳು. ಇಬ್ಬರ ಎದುರಿಗೂ ಒಂದು ಪರದೆ, ಪರದೆಯ ಮೇಲೆ ಖಾಲಿ ಇರುವ ಶಾಲೆಗಳ ಪಟ್ಟಿ. ಇಬ್ಬರೂ ಸಾಮಾನ್ಯವಾಗಿ ಒಂದೇ ಉತ್ತರ ಕೊಡುತ್ತಾರೆ: ಈಗಾಗಲೇ ಗೆಲ್ಲುತ್ತಿರುವ ಶಾಲೆ, ಎಲ್ಲ ಸೌಕರ್ಯ ಇರುವ ಶಾಲೆ. ಈ ಉತ್ತರ ತಪ್ಪು ಎನ್ನುವುದು ನನ್ನ ವಾದ. ಹುಡುಗರು ತಪ್ಪು ಆರಿಸಿದರೆ ಅವರದೊಂದು ಸೀಸನ್ ಹೋಗುತ್ತದೆ, ಅಷ್ಟೆ. ನಾವು ತಪ್ಪು ಆರಿಸಿದರೆ ಒಂದು ಊರಿನ ಮಕ್ಕಳ ಹೈಸ್ಕೂಲಿನ ಮೂರು ವರ್ಷ ಆಟವಿಲ್ಲದೆ ಕಳೆದುಹೋಗುತ್ತದೆ.

ನಾನು ಹೊಳಲ್ಕೆರೆ ತಾಲ್ಲೂಕಿನವನು. ಕೆಲಸ ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಆ ಕಂಪ್ಯೂಟರ್ ಆಟವನ್ನು ನನಗೆ ತೋರಿಸಿದವನು ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಅದರ ಹೆಸರು ಹೂಪ್ಸ್ ಡೈನಾಸ್ಟಿ, ವಾಟ್‌ಇಫ್‌ಸ್ಪೋರ್ಟ್ಸ್ ಎಂಬ ತಾಣದ್ದು. ಅದರಲ್ಲಿ ನೀವು ಚೆಂಡು ಎಸೆಯುವುದಿಲ್ಲ, ಓಡುವುದಿಲ್ಲ. ನೀವು ಕೋಚ್ ಮಾತ್ರ. ಅಮೆರಿಕದ ನಿಜವಾದ ಕಾಲೇಜುಗಳ ಹೆಸರು ಹೊತ್ತ ತಂಡಗಳು ಮೂರು ಡಿವಿಷನ್ನುಗಳಲ್ಲಿ ಹರಡಿಕೊಂಡಿರುತ್ತವೆ. ಹೊಸದಾಗಿ ಬಂದವರು ಮೂರನೆಯ ಡಿವಿಷನ್ನಿನ ಒಂದು ಖಾಲಿ ತಂಡವನ್ನು ಆರಿಸಿಕೊಂಡು ಶುರು ಮಾಡಬೇಕು. ಹೈಸ್ಕೂಲು ಮುಗಿಸಿದ ಆಟಗಾರರನ್ನು ಹುಡುಕಿ ಕರೆತರುವುದು, ಅಭ್ಯಾಸದ ನಿಮಿಷಗಳನ್ನು ಹಂಚುವುದು, ಯಾರನ್ನು ಇಳಿಸಬೇಕು ಯಾರನ್ನು ಕೂರಿಸಬೇಕು ಎಂದು ತೀರ್ಮಾನಿಸುವುದು ನಿಮ್ಮ ಕೆಲಸ. ಪಂದ್ಯವನ್ನು ಕಂಪ್ಯೂಟರು ಲೆಕ್ಕ ಹಾಕಿ ಆಡಿಸುತ್ತದೆ. ಪ್ರತಿ ಶಾಲೆಗೂ ಪ್ರತಿಷ್ಠೆಯ ಒಂದು ದರ್ಜೆ ಇರುತ್ತದೆ. ಎ ಪ್ಲಸ್ ಎಂದರೆ ಮಠದ ಊಟ, ಡಿ ಎಂದರೆ ಗಂಜಿ.

"ಮಾವ, ನೀವು ಇದೇ ಕೆಲ್ಸ ಮಾಡ್ತೀರಲ್ಲ, ಯಾವ್ ಶಾಲೆ ತಗೊಳ್ಳಲಿ ಹೇಳಿ" ಎಂದು ಅವನು ಕೇಳಿದ. ಅವನ ಪಾಲಿಗೆ ಅದು ತಮಾಷೆ. ಆದರೆ ಪರದೆಯ ಮೇಲೆ ಅವನಿಗೆ ಏನೇನು ಕಾಣಿಸುತ್ತಿದೆ ಎಂದು ನೋಡಿದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ತಂಡದಲ್ಲಿ ಯಾರಿದ್ದಾರೆ, ಅವರಲ್ಲಿ ಎಷ್ಟು ಮಂದಿ ಈ ವರ್ಷ ಮುಗಿಸಿ ಹೋಗುತ್ತಾರೆ, ಯಾರಿಗೆ ಓಟವಿದೆ, ಯಾರಿಗೆ ಎತ್ತರವಿದೆ, ಹಿಂದಿನ ಸೀಸನ್ನುಗಳಲ್ಲಿ ಎಷ್ಟು ಗೆದ್ದರು, ಎದುರಾಳಿಗಳು ಯಾರು, ಎಲ್ಲವೂ ಇದೆ. ಇಲ್ಲದ ಊರೊಂದರ ಇಲ್ಲದ ಹುಡುಗರ ಬಗ್ಗೆ ಇಷ್ಟು ಮಾಹಿತಿ!

ಈಗ ನಮ್ಮ ಕೌನ್ಸೆಲಿಂಗಿನ ಪರದೆ ನೋಡಿ. ಶಾಲೆಯ ಹೆಸರು, ತಾಲ್ಲೂಕು, ಹುದ್ದೆ, ವಲಯ. ಮುಗಿಯಿತು. ಮೈದಾನ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಅದು ಶಾಲೆಯದೋ, ಗ್ರಾಮ ಪಂಚಾಯಿತಿಯದೋ, ಸಂತೆಯದೋ ಗೊತ್ತಿಲ್ಲ. ಆ ಮಕ್ಕಳು ಕೊನೆಯ ಸಲ ಪಿ.ಟಿ. ಮೇಷ್ಟ್ರ ಮುಖ ನೋಡಿದ್ದು ಯಾವಾಗ ಎನ್ನುವುದಂತೂ ಕೇಳುವ ಹಾಗೇ ಇಲ್ಲ. 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ರಾಜ್ಯದಲ್ಲಿ ಕಾಯ್ದೆ ಬಂತು, 2020ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಕೌನ್ಸೆಲಿಂಗ್ ಒಂದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯುವವನು ನಾನಲ್ಲ. ಶಿಫಾರಸು ಪತ್ರ ಹಿಡಿದು ಯಾರದೋ ಮನೆಯ ಜಗುಲಿಯಲ್ಲಿ ಕಾಯುವುದು ಅದರಿಂದ ಎಷ್ಟೋ ಕಡಿಮೆಯಾಯಿತು. ಆದರೆ ಆ ಪಟ್ಟಿ ಹೇಳುವ ಒಂದೇ ಒಂದು ವಿಷಯವೆಂದರೆ ವಲಯ. ಪಟ್ಟಣದ್ದು ಎ, ಅದರ ಆಚೆಗಿನದು ಬಿ, ದೂರದ ಹಳ್ಳಿಯದು ಸಿ. ಶಾಲೆ ಮೇಷ್ಟ್ರಿಗೆ ಎಷ್ಟು ದೂರ ಎನ್ನುವ ಅಳತೆ ಇದು. ಮೇಷ್ಟ್ರು ಮಕ್ಕಳಿಗೆ ಎಷ್ಟು ದೂರ ಎನ್ನುವುದಕ್ಕೆ ಅಲ್ಲಿ ಕಾಲಂ ಇಲ್ಲ. ಹೀಗಾಗಿ ಎಲ್ಲರ ಬಾಯಲ್ಲೂ ಎ ಒಳ್ಳೆಯದು, ಸಿ ಕೆಟ್ಟದ್ದು. ನಾನು ಹೊಸದುರ್ಗದ ಒಂದು ಸಿ ವಲಯದ ಶಾಲೆಯ ಹೆಸರು ಹೇಳಿದಾಗ ಪಕ್ಕದಲ್ಲಿ ಕೂತಿದ್ದ ಗೆಳೆಯರು, "ಏನ್ ಸಾರ್, ಕಣ್ ತಪ್ಪಿ ಬೇರೆ ಸಾಲು ಓದಿಬಿಟ್ರಾ?" ಎಂದು ಗಾಬರಿಯಾದರು. ಹನ್ನೊಂದು ವರ್ಷದಿಂದ ಅದೇ ಸಾಲಿನಲ್ಲಿದ್ದೇನೆ.

ಆ ಆಟದಿಂದ ಕಲಿಯಬೇಕಾದ ಮೊದಲ ಪಾಠ ದೂರದ್ದು. ಅಲ್ಲಿ ಆಟಗಾರನನ್ನು ಹುಡುಕಿಕೊಂಡು ಹೋಗುವ ಖರ್ಚು ದೂರದ ಮೇಲೆ ನಿಂತಿದೆ. ಹತ್ತಿರದ ಹುಡುಗ ಅಗ್ಗ, ದೂರದ ಹುಡುಗ ದುಬಾರಿ. ಹಾಗಾಗಿ ಅನುಭವಸ್ಥರು ಶಾಲೆ ಆರಿಸುವಾಗ ಪ್ರತಿಷ್ಠೆಗಿಂತ ಮೊದಲು ನಕ್ಷೆ ನೋಡುತ್ತಾರೆ: ಸುತ್ತ ಮುತ್ತ ಹುಡುಗರು ಎಷ್ಟಿದ್ದಾರೆ, ಅದೇ ಹುಡುಗರ ಮೇಲೆ ಕಣ್ಣಿಟ್ಟ ಬೇರೆ ಕೋಚುಗಳು ಎಷ್ಟಿದ್ದಾರೆ. ಹುಡುಗರು ತುಂಬ, ಕೋಚುಗಳು ಕಡಿಮೆ ಇರುವ ಜಾಗವೇ ಚಿನ್ನದ ಗಣಿ. ಈ ಲೆಕ್ಕವನ್ನು ಚಿತ್ರದುರ್ಗ ಜಿಲ್ಲೆಯ ಮೇಲೆ ಹಾಕಿ ನೋಡಿ. ಬೆಳಗ್ಗೆ ತೋಟಕ್ಕೆ ಹೋಗಿ ನೀರು ಕಟ್ಟಿ, ಎರಡು ಮೈಲಿ ನಡೆದು ಶಾಲೆಗೆ ಬರುವ ಮಕ್ಕಳಿರುವುದು ಎಲ್ಲಿ? ಕುರಿ ಹಿಂದೆ ಓಡಿ ಕಾಲು ಗಟ್ಟಿಯಾದ ಹುಡುಗರಿರುವುದು ಎಲ್ಲಿ? ಅವರಿಗಾಗಿ ಕಾದು ನಿಂತ ಇನ್ನೊಬ್ಬ ಕೋಚ್ ಇಲ್ಲದಿರುವುದು ಎಲ್ಲಿ? ಸಿ ವಲಯದಲ್ಲಿ. ಆಟದ ಬುದ್ಧಿ ಇರುವ ಯಾವನೂ ಮೊದಲು ಕೈ ಹಾಕಬೇಕಾದ ಶಾಲೆಗಳನ್ನೇ ನಾವು ಕೊನೆಗೆ ಉಳಿಸುತ್ತೇವೆ.

ದೂರಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ಅಮೆರಿಕದ ಆಟಕ್ಕೆ ಗೊತ್ತಿಲ್ಲದ ಅರ್ಥ. ನನ್ನ ತಂಡವನ್ನು ಆರಿಸುವವನು ನಾನಲ್ಲ, ಸಂಜೆಯ ಕೊನೆ ಬಸ್ಸು. ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಆಡಿಸಿದರೆ ಬಸ್ಸಿನ ಊರುಗಳ ಮಕ್ಕಳು ಹೊರಡಲೇಬೇಕು. ಉಳಿಯುವವರು ಅದೇ ಊರಿನವರು ಮತ್ತು ಸೈಕಲ್ ಇದ್ದವರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತು. ಅದು ಓದಿಗೆ ಎಷ್ಟು ನೆರವಾಯಿತು ಎಂದು ಪಂಡಿತರು ಹೇಳಲಿ. ಕಬಡ್ಡಿಗೆ, ಖೋಖೋಗೆ ಎಷ್ಟು ನೆರವಾಯಿತು ಎಂದು ನಾನು ಹೇಳಬಲ್ಲೆ. ಸೈಕಲ್ ಬಂದ ವರ್ಷಗಳಲ್ಲಿ ಸಂಜೆ ಉಳಿಯುವ ಮಕ್ಕಳ ಸಾಲು ಉದ್ದವಾಗುತ್ತಿತ್ತು. 2023ರಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಯಿತು. ಒಳ್ಳೆಯದೇ ಆಯಿತು. ಆದರೆ ಬಸ್ಸು ಹೊರಡುವ ಹೊತ್ತು ಹಾಗೇ ಉಳಿಯಿತು. ಒಂದು ಗಂಟೆ ತಡವಾಗಿ ಹೊರಡುವ ಒಂದು ಬಸ್ಸು ನಮ್ಮ ಹುಡುಗಿಯರಿಗೆ ಹತ್ತು ಹೊಸ ಚೆಂಡುಗಳಿಗಿಂತ ದೊಡ್ಡದು.

ಎರಡನೆಯ ಪಾಠ ಎದುರಾಳಿಗಳದ್ದು. ಆಟದಲ್ಲಿ ಶಾಲೆ ಆರಿಸುವವರು ಅದು ಯಾವ ಗುಂಪಿನಲ್ಲಿದೆ, ಆ ಗುಂಪಿನಲ್ಲಿ ದೈತ್ಯರು ಎಷ್ಟು ಎಂದು ನೋಡುತ್ತಾರೆ. ನಮ್ಮ ಕ್ರೀಡಾಕೂಟದ ಏಣಿ ಎಲ್ಲರಿಗೂ ಗೊತ್ತು: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಚಿತ್ರದುರ್ಗ ಸೇರುವುದು ಬೆಂಗಳೂರು ವಿಭಾಗಕ್ಕೆ. ಹೊಸದುರ್ಗದ ಒಂದು ಹಳ್ಳಿ ಶಾಲೆಯ ತಂಡ ಹೋಬಳಿ ಗೆದ್ದು, ತಾಲ್ಲೂಕು ಗೆದ್ದು, ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಜಿಲ್ಲೆಯನ್ನೂ ಗೆದ್ದಿತೆನ್ನಿ. ಮುಂದಿನ ಮೆಟ್ಟಿಲಲ್ಲಿ ರಾಜಧಾನಿಯ ಶಾಲೆಗಳು ಕಾದಿರುತ್ತವೆ. ಬ್ಯಾಸ್ಕೆಟ್‌ಬಾಲ್ ಆದರಂತೂ ಕೇಳಲೇಬೇಡಿ. 28 ಮೀಟರ್ ಉದ್ದ 15 ಮೀಟರ್ ಅಗಲದ ಗಟ್ಟಿ ನೆಲದ ಅಂಕಣವನ್ನು ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲ ಸಲ ನೋಡುವುದು ಅಲ್ಲಿ ಸೋಲುವ ದಿನವೇ. ನಾವು ಅಭ್ಯಾಸ ಮಾಡಿದ್ದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿದ 45 ಸೆಂಟಿಮೀಟರ್ ರಿಂಗಿಗೆ, ಮಣ್ಣಿನ ನೆಲದಲ್ಲಿ. ಮಣ್ಣಿನಲ್ಲಿ ಚೆಂಡು ಪುಟಿಯುವ ಎತ್ತರವೇ ಬೇರೆ. ಹುಡುಗನ ಕೈ ಆ ಎತ್ತರಕ್ಕೆ ಒಗ್ಗಿಹೋಗಿರುತ್ತದೆ. ಈ ಸೋಲನ್ನು ನೋಡಿ "ಆ ಶಾಲೆಯಲ್ಲಿ ಕ್ರೀಡೆ ಚೆನ್ನಾಗಿಲ್ಲ" ಎಂದು ವರದಿ ಬರೆಯುವುದು ಸುಲಭ.

ಇದಕ್ಕೆ ವಸತಿ ಶಾಲೆಗಳ ಸಂಗತಿಯನ್ನೂ ಸೇರಿಸಿ. ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯವಿದೆ. ಆರನೇ ತರಗತಿಗೆ ಪರೀಕ್ಷೆ ಬರೆದು ಆಯ್ಕೆಯಾದ ಮಕ್ಕಳು. ಊಟ, ವಾಸ ಅಲ್ಲೇ. ಒಳ್ಳೆಯ ವ್ಯವಸ್ಥೆ, ಅಂಥವು ಇನ್ನೂ ಹತ್ತು ಬರಲಿ. ಆದರೆ ಬೆಳಗ್ಗೆ ಸಂಜೆ ಎರಡೂ ಹೊತ್ತು ಮೈದಾನದ ಪಕ್ಕದಲ್ಲೇ ಇರುವ ಮಕ್ಕಳಿಗೂ ಕೊನೆ ಬಸ್ಸಿಗೆ ಓಡುವ ಮಕ್ಕಳಿಗೂ ಪಂದ್ಯ ಇಟ್ಟು, ಗೆದ್ದ ಕಡೆಯ ಮೇಷ್ಟ್ರೇ ಸಮರ್ಥ ಎಂದು ಶಾಲು ಹೊದಿಸಿದರೆ ಅದು ಯಾವ ನ್ಯಾಯ? ಅಮೆರಿಕದವರು ಕೂಡ ಕ್ರೀಡಾ ವಿದ್ಯಾರ್ಥಿವೇತನ ಕೊಡುವ ಕಾಲೇಜುಗಳನ್ನೂ ಕೊಡದ ಕಾಲೇಜುಗಳನ್ನೂ ಬೇರೆ ಬೇರೆ ಡಿವಿಷನ್ನಿಗೆ ಹಾಕಿದ್ದಾರೆ. ಮೂರನೆಯ ಡಿವಿಷನ್ನಿನ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವ ಹಾಗಿಲ್ಲ. ಅವರ ಪಂದ್ಯಾವಳಿಯೂ ಬೇರೆ, ಕಪ್ಪೂ ಬೇರೆ. ನಾವು ಮಾತ್ರ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಶಿಳ್ಳೆ ಊದುತ್ತೇವೆ.

ಮೂರನೆಯ ಪಾಠ ವರ್ಷಗಳದ್ದು. ಆ ಆಟದಲ್ಲಿ ಒಬ್ಬ ಹುಡುಗ ನಾಲ್ಕು ವರ್ಷ ಇರುತ್ತಾನೆ. ಮೊದಲ ವರ್ಷ ತಡವರಿಸಿದವನು ನಾಲ್ಕನೆಯ ವರ್ಷಕ್ಕೆ ತಂಡದ ಬೆನ್ನೆಲುಬಾಗುತ್ತಾನೆ. ಕೋಚಿನ ಜಾಣತನವೆಲ್ಲ ಈ ಕಾಯುವಿಕೆಯಲ್ಲಿದೆ. ನಮ್ಮ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತು, ಹತ್ತು ಎಂದು ಮೂರು ವರ್ಷ ಎಂದು ಕಾಗದದಲ್ಲಿದೆ. ನಿಜದಲ್ಲಿ ಎರಡು. ಹತ್ತನೇ ತರಗತಿಗೆ ಕಾಲಿಟ್ಟ ಕೂಡಲೇ ಎಸ್ಸೆಸ್ಸೆಲ್ಸಿ ಫಲಿತಾಂಶದ ಭೂತ ಮೈಮೇಲೆ ಬರುತ್ತದೆ. ಬೆಳಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಆಟದ ಪಿರಿಯಡ್ಡು ಗಣಿತಕ್ಕೆ. ಎರಡು ವರ್ಷ ತಿದ್ದಿ ತೀಡಿದ ಹುಡುಗಿ ಮೂರನೆಯ ವರ್ಷ ಕಿಟಕಿಯಿಂದ ಮೈದಾನ ನೋಡುತ್ತಾ ಕೂರುತ್ತಾಳೆ. ಉಳಿದ ವರ್ಷಗಳಲ್ಲಿ ಮೇಷ್ಟ್ರಿಗೆ ಗಣತಿ, ಚುನಾವಣೆ, ಮತದಾರರ ಪಟ್ಟಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆಗಸ್ಟ್ 15ರ ಪಥಸಂಚಲನ.

ನಾಲ್ಕನೆಯದು ನನಗೆ ಅತ್ಯಂತ ನೋವಿನ ಪಾಠ. ಆ ಆಟದಲ್ಲಿ ಪ್ರತಿ ಆಟಗಾರನ ಹೆಸರಿನ ಪಕ್ಕದಲ್ಲಿ ಅವನ ಹುಟ್ಟೂರು ಬರೆದಿರುತ್ತದೆ. ಅವನು ಎಷ್ಟೇ ದೊಡ್ಡ ಕಾಲೇಜಿಗೆ ಹೋದರೂ ಆ ಊರಿನ ಹೆಸರು ಅಳಿಸುವುದಿಲ್ಲ. ಇಲ್ಲಿ? ತಾಲ್ಲೂಕು ಮಟ್ಟದಲ್ಲಿ ನಮ್ಮ ಹುಡುಗನೊಬ್ಬ ಕಬಡ್ಡಿಯಲ್ಲಿ ಚೆನ್ನಾಗಿ ರೇಡ್ ಮಾಡಿದ. ಮರುವಾರವೇ ಖಾಸಗಿ ಶಾಲೆಯೊಂದರ ಕಡೆಯವರು ಅವನ ಅಪ್ಪನ ಅಡಿಕೆ ತೋಟಕ್ಕೆ ಬಂದು ಕೂತರು. ಫೀಸು ಬೇಡ, ಹಾಸ್ಟೆಲು ಉಚಿತ, ಬೂಟು ನಾವೇ ಕೊಡುತ್ತೇವೆ. ಬಡ ಅಪ್ಪ ಬೇಡ ಎನ್ನುತ್ತಾನೆಯೇ? ನಾನೂ ಬೇಡ ಎನ್ನಲಿಲ್ಲ, ಹುಡುಗನಿಗೆ ಒಳ್ಳೆಯದಾಗಲಿ ಎಂದೆ. ಮುಂದಿನ ವರ್ಷ ಅವನು ಗೆದ್ದ ಕಪ್ಪು ಆ ಶಾಲೆಯ ಗಾಜಿನ ಕಪಾಟಿನಲ್ಲಿ ಕೂತಿತು, ಪಕ್ಕದಲ್ಲಿ ಅಲ್ಲಿನ ತರಬೇತುದಾರರ ಫೋಟೋ. ಹುಡುಗನ ಊರಿನ ಹೆಸರು ಎಲ್ಲಿಯೂ ಇರಲಿಲ್ಲ. ಬೆಳೆದವರು ಒಬ್ಬರು, ಕೊಯ್ದವರು ಇನ್ನೊಬ್ಬರು, ಕೃಷಿ ಪಂಡಿತ ಪ್ರಶಸ್ತಿ ಕೊಯ್ದವರಿಗೆ.

ಇಷ್ಟಾದ ಮೇಲೂ ಕಪ್ಪು ಎಣಿಸಿಯೇ ಕೋಚನ್ನು ಅಳೆಯುತ್ತೇವೆ ಎನ್ನುವವರಿಗೆ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರ ಕಥೆ ಹೇಳುತ್ತೇನೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗೆ ಹೊರಗೆ ಆಡಲಾಗದೆ ಒಳಗೆ ಗಲಾಟೆ ಮಾಡುತ್ತಿದ್ದ ಹುಡುಗರಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಹೊಡೆಸಿ ಬ್ಯಾಸ್ಕೆಟ್‌ಬಾಲನ್ನು ಕಂಡುಹಿಡಿದವನು ಅವನು. ನಮ್ಮ ಹಾಗೇ ದೈಹಿಕ ಶಿಕ್ಷಣದ ಮೇಷ್ಟ್ರು. 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1907ರವರೆಗೆ ಅಲ್ಲಿನ ತಂಡಕ್ಕೆ ಕೋಚ್ ಆಗಿದ್ದ. ಗೆದ್ದ ಪಂದ್ಯ 55, ಸೋತದ್ದು 60. ಆ ಹೆಸರುವಾಸಿ ತಂಡದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಅವನೊಬ್ಬನೇ. ಆಟವನ್ನು ಹುಟ್ಟಿಸಿದವನಿಗೆ ನಮ್ಮ ಲೆಕ್ಕದಲ್ಲಿ ಕಾರಣ ಕೇಳಿ ನೋಟಿಸು ಹೋಗಬೇಕಿತ್ತು. ಆದರೆ ಅವನ ಕೈಕೆಳಗೆ ಆಡಿದ ಫಾಗ್ ಅಲೆನ್ ಮುಂದೆ ದೊಡ್ಡ ಕೋಚಾದ. ಅಲೆನ್ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಕೆಂಟಕಿಯನ್ನೂ ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾವನ್ನೂ ಕಟ್ಟಿದರು. ಗೆಲುವಿನ ಆ ವಂಶವೆಲ್ಲ ಒಬ್ಬ ಸೋತ ಮೇಷ್ಟ್ರ ಸಂತಾನ.

ನೈಸ್ಮಿತ್ ಕೋಚ್ ಕೆಲಸ ಬಿಟ್ಟ ಅದೇ 1907ರಲ್ಲಿ ನಮ್ಮ ಹಿರಿಯೂರಿನ ಮಾರಿಕಣಿವೆಯ ಅಣೆಕಟ್ಟು ಮುಗಿಯಿತು. 1933ರಲ್ಲಿ ಅದು ತುಂಬಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಬಳಿಕ. ಆ ದಿನ ಬಾಗಿನ ಹಿಡಿದು ಬಂದವರು, ಮೊಬೈಲು ಹಿಡಿದು ಬಂದವರು, ಜಾತ್ರೆಯೋ ಜಾತ್ರೆ. ಸರಿ, ನಡುವಿನ ಎಂಬತ್ತೊಂಬತ್ತು ವರ್ಷ ಆ ಕಟ್ಟೆ ಸೋತಿತ್ತೇ? ಅಷ್ಟೂ ಕಾಲ ಹಿರಿಯೂರಿನ ತೋಟಗಳಿಗೆ ನೀರು ಕೊಟ್ಟದ್ದು ಯಾರು? ಕೋಡಿ ಬಿದ್ದರೆ ಮಾತ್ರ ಕೆರೆ ಎನ್ನುವವರು ಕಪ್ಪು ಬಂದರೆ ಮಾತ್ರ ಶಾಲೆ ಎನ್ನುತ್ತಾರೆ. ನೀರು ಕುಡಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈಗ ನಮ್ಮವರೇ ಎತ್ತುವ ಆಕ್ಷೇಪಕ್ಕೆ ಬರುತ್ತೇನೆ. "ಮೇಷ್ಟ್ರಿಗೂ ಹೆಂಡತಿ ಮಕ್ಕಳಿಲ್ಲವೇ? ವಯಸ್ಸಾದ ಅಪ್ಪ ಅಮ್ಮ ಇಲ್ಲವೇ? ದುರ್ಗದಲ್ಲಿ ಆಸ್ಪತ್ರೆ ಇದೆ, ಕಾಲೇಜು ಇದೆ. ಎ ವಲಯ ಕೇಳಿದರೆ ಅಪರಾಧವೇ?" ಅಲ್ಲ. ಡಯಾಲಿಸಿಸ್ಸಿಗೆ ವಾರಕ್ಕೆರಡು ಸಲ ತಾಯಿಯನ್ನು ಕರೆದೊಯ್ಯಬೇಕಾದವರು ಪಟ್ಟಣ ಕೇಳಲಿ, ಕೊಡಬೇಕು. ಒಂಟಿ ಮಹಿಳೆ ಮನೆ ಬಾಡಿಗೆಗೇ ಸಿಗದ ಊರಿಗೆ ಹೋಗಬೇಕೆಂದು ನಾನು ಹೇಳಲಾರೆ. ನನ್ನ ಜಗಳ ಅನುಕೂಲ ಕೇಳುವವರ ಜೊತೆ ಇಲ್ಲ. ಅನುಕೂಲವನ್ನೇ ಪ್ರತಿಭೆ ಎಂದು ಕರೆಯುವವರ ಜೊತೆ ಇದೆ. "ಒಳ್ಳೆ ಶಾಲೆಯಲ್ಲಿದ್ದರೆ ನನ್ನ ಪ್ರತಿಭೆ ಬೆಳಗುತ್ತೆ" ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲೇ ಬೆಳಗುತ್ತಿರುವ ಕಡೆ ದೀಪ ಹಿಡಿದು ನಿಂತರೆ ಬೆಳಗಿದ್ದು ಯಾರು ಎಂದು ಹೇಗೆ ಗೊತ್ತಾಗಬೇಕು? ದುರ್ಗದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿಟ್ಟಿದ್ದೇವೆ. ಅವಳು ಒಳ್ಳೆಯ ಪೋಸ್ಟಿಂಗ್ ಕೇಳಿ ಆ ಕಿಂಡಿಗೆ ಹೋದವಳಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಜಾಗ ಖಾಲಿ ಇತ್ತು, ಕೈಯಲ್ಲಿ ಒನಕೆ ಇತ್ತು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. "ಪ್ರತಿಭೆ ಇರುವ ಮಗುವಿಗೆ ಪ್ರತಿಭೆ ಇರುವವರ ಸಂಗ ಬೇಕು. ಹಳ್ಳಿಯಲ್ಲಿ ಒಬ್ಬರನ್ನು ತಯಾರು ಮಾಡುವುದಕ್ಕಿಂತ ಎಲ್ಲ ಒಳ್ಳೆಯ ಮಕ್ಕಳನ್ನೂ ಒಂದು ಕ್ರೀಡಾ ವಸತಿ ನಿಲಯದಲ್ಲಿ ಸೇರಿಸಿ, ಒಳ್ಳೆಯ ಕೋಚುಗಳನ್ನು ಅಲ್ಲಿಗೆ ಹಾಕಿ." ಅರ್ಧ ನಿಜ. ಹದಿನಾಲ್ಕು ದಾಟಿದ, ಆಟ ಗೊತ್ತಾದ ಮಗುವಿಗೆ ಅಂಥ ಜಾಗ ಬೇಕು. ಆದರೆ ಆ ಮಗುವನ್ನು ಮೊದಲು ನೋಡುವವರು ಯಾರು? ಎಂಟನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ, ಮಾತನಾಡದ, ಉದ್ದ ಕೈಗಳ ಹುಡುಗಿಯನ್ನು ಕರೆದು ಚೆಂಡು ಕೊಡುವವರು ಯಾರು? ಆಯ್ಕೆ ಶಿಬಿರಕ್ಕೆ ತಾನಾಗಿ ಬರುವ ಮಗು ಪಟ್ಟಣದ್ದು. ಹಳ್ಳಿಯದು ಬರಬೇಕಾದರೆ ಯಾರಾದರೂ ಅದರ ಮನೆಗೆ ಹೋಗಿ ಅಪ್ಪನ ಹತ್ತಿರ ಮಾತಾಡಬೇಕು, ಬಸ್ ಚಾರ್ಜು ಕೊಡಬೇಕು, ಜೊತೆಗೆ ಹೋಗಬೇಕು. ಆ ಯಾರಾದರೂ ಎನ್ನುವ ಹುದ್ದೆಯೇ ಖಾಲಿ ಇದ್ದರೆ ನಿಮ್ಮ ಕ್ರೀಡಾ ನಿಲಯಕ್ಕೆ ಸೋಸಿದ ನೀರು ಬರುತ್ತದೆ, ಹೊಳೆ ಬರುವುದಿಲ್ಲ.

ಆ ಕಂಪ್ಯೂಟರ್ ಆಟದಲ್ಲಿ ಮನುಷ್ಯ ಕೋಚ್ ಸಿಗದ ತಂಡಗಳನ್ನು ಯಂತ್ರವೇ ನಡೆಸುತ್ತದೆ. ತಂಡ ಮೈದಾನಕ್ಕೆ ಇಳಿಯುತ್ತದೆ, ಅಂಕಪಟ್ಟಿಯಲ್ಲಿ ಹೆಸರು ಬರುತ್ತದೆ, ಆದರೆ ಯಾರೂ ಅದರ ಬಗ್ಗೆ ಯೋಚಿಸುತ್ತಿರುವುದಿಲ್ಲ. ನಮ್ಮ ಎಷ್ಟೋ ಶಾಲೆಗಳು ಹಾಗೇ ನಡೆಯುತ್ತಿವೆ. ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ. ಶಿಳ್ಳೆಯನ್ನು ಹಿಂದಿ ಮೇಡಂ ಕೈಗೋ ಕ್ರಾಫ್ಟ್ ಮೇಷ್ಟ್ರ ಕೈಗೋ ಕೊಟ್ಟಿರುತ್ತಾರೆ. ಕ್ರೀಡಾಕೂಟದ ಹಿಂದಿನ ದಿನ ಹನ್ನೆರಡು ಮಕ್ಕಳ ಹೆಸರು ಬರೆದು ಕಳಿಸುತ್ತಾರೆ. ಅವರು ಬರಿಗಾಲಲ್ಲಿ ಬಂದು, ಮೊದಲ ಪಂದ್ಯ ಸೋತು, ಚಿತ್ರಾನ್ನ ತಿಂದು ಮನೆಗೆ ಹೋಗುತ್ತಾರೆ. ದಾಖಲೆಯಲ್ಲಿ 'ಭಾಗವಹಿಸಿದ ಶಾಲೆ' ಎಂದಿರುತ್ತದೆ.

ಉಳಿದುಕೊಳ್ಳುವುದರ ಬಗ್ಗೆಯೂ ಒಂದು ಮಾತು. ಜಿಮ್ ಫೀಲನ್ ಎಂಬವನು 1954ರಲ್ಲಿ ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ಎಂಬ ಸಣ್ಣ ಕಾಲೇಜಿಗೆ ಕೋಚಾಗಿ ಹೋಗಿ 2003ರವರೆಗೆ ಅಲ್ಲೇ ಇದ್ದ. ನಲವತ್ತೊಂಬತ್ತು ಸೀಸನ್, 830 ಗೆಲುವು, ಒಂದೇ ಶಾಲೆ. ಇನ್ನೊಂದು ಕಡೆ, 2023ರ ಮಾರ್ಚಿನಲ್ಲಿ ಫೇರ್ಲೆ ಡಿಕಿನ್ಸನ್ ಎಂಬ ಪುಟ್ಟ ತಂಡ ಪರ್ಡ್ಯೂ ಎಂಬ ದೈತ್ಯನನ್ನು 63–58ರಿಂದ ಕೆಡವಿ ಜಗತ್ತನ್ನೇ ಬೆರಗುಗೊಳಿಸಿತು. ಕೆಲವೇ ದಿನಗಳಲ್ಲಿ ಅದರ ಕೋಚ್ ಹೆಚ್ಚು ಹೆಸರಿನ ಇನ್ನೊಂದು ಕಾಲೇಜಿಗೆ ಹೊರಟುಹೋದ. ಅವನನ್ನು ಬೈಯುವುದು ನನ್ನ ಉದ್ದೇಶವಲ್ಲ. ಏಣಿ ಇಟ್ಟರೆ ಮನುಷ್ಯ ಹತ್ತುತ್ತಾನೆ. ಏಣಿಯನ್ನು ಹಾಗೆ ಇಟ್ಟವರನ್ನು ಕೇಳಬೇಕು. ಸಣ್ಣ ಶಾಲೆಯಲ್ಲಿ ಉಳಿದವನಿಗೆ ಏರಲು ಒಂದು ಮೆಟ್ಟಿಲನ್ನೂ ಇಡದೆ, ಬಿಟ್ಟು ಹೋದವನಿಗೆ ಮಾತ್ರ ಹೆಸರು ಎಂದರೆ ಯಾರು ಉಳಿಯುತ್ತಾರೆ?

ಅಮೆರಿಕದ ಮಾತು ಯಾಕೆ, ನನ್ನ ಹೊಳಲ್ಕೆರೆ ತಾಲ್ಲೂಕಿನಲ್ಲೇ ಇದಕ್ಕೆ ಉತ್ತರವಿದೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯನ್ನು ಈಗ ಎಲ್ಲರೂ ಯೋಗಗುರು, ತಿರುಕ ಎಂದು ನೆನೆಯುತ್ತಾರೆ. ಅವರು ಮೊದಲಿಗೆ ವ್ಯಾಯಾಮದ ಮೇಷ್ಟ್ರು. ಬಡೋದೆಯ ಮಾಣಿಕರಾಯರ ಬಳಿ ಅಂಗಸಾಧನೆ ಕಲಿತು, ಊರೂರು ಸುತ್ತಿ ಶಿಬಿರ ನಡೆಸುತ್ತಿದ್ದವರು. ಅಂಥವರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಜಾಗ ಸಿಗುತ್ತಿರಲಿಲ್ಲವೇ? 1943ರಲ್ಲಿ ಮಲ್ಲಾಡಿಹಳ್ಳಿಗೆ ಬಂದರು, ಅಲ್ಲೇ ನಿಂತರು. 1996ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೆ ಅದೇ ಊರು. ಜೋಳಿಗೆ ಹಿಡಿದು ಬೇಡಿ ತಂದ ಹಣದಲ್ಲಿ ಅನಾಥಸೇವಾಶ್ರಮ ಬೆಳೆಯಿತು, ಶಾಲೆ ಬಂತು, ಆಯುರ್ವೇದ ಬಂತು, ದೈಹಿಕ ಶಿಕ್ಷಣದ ತರಬೇತಿ ಬಂತು. ಅವರು ಬಂದ ದಿನ ಪ್ರತಿಷ್ಠೆಯ ದರ್ಜೆ ಕೊಡುವವರು ಮಲ್ಲಾಡಿಹಳ್ಳಿಗೆ ಏನು ಕೊಡುತ್ತಿದ್ದರು? ಡಿ ಮೈನಸ್ಸೂ ಕಷ್ಟವಿತ್ತು. ಹೊಸದುರ್ಗದ ಸಾಣೇಹಳ್ಳಿಯದೂ ಇದೇ ಕಥೆ. ನಾಟಕ ಕಲಿಸಲು ಒಳ್ಳೆಯ ಊರು ಯಾವುದೆಂದು 1997ಕ್ಕೆ ಮೊದಲು ಪಟ್ಟಿ ಮಾಡಿದ್ದರೆ ಸಾಣೇಹಳ್ಳಿಯ ಹೆಸರು ಬರೆಯುವವರು ಯಾರಿದ್ದರು? ಆ ವರ್ಷ ಶುರುವಾದ ಶಿವಸಂಚಾರ ನಾಡಿನ ಊರೂರಿಗೆ ನಾಟಕ ಹೊತ್ತು ನಡೆಯಿತು. ಈಗ ದೂರದೂರದ ಹುಡುಗ ಹುಡುಗಿಯರು ನಟನೆ ಕಲಿಯಲು ಆ ಹಳ್ಳಿಗೆ ಬರುತ್ತಾರೆ.

ಇವರಿಬ್ಬರನ್ನು ಹೆಸರಿಸಿದ್ದು ಎಲ್ಲ ಮೇಷ್ಟ್ರೂ ಸಂತರಾಗಲಿ ಎಂದಲ್ಲ. ಸಂತರನ್ನು ನಂಬಿ ಇಲಾಖೆ ನಡೆಸಲಾಗುವುದಿಲ್ಲ. ಸಾಧಾರಣ ಮನುಷ್ಯ, ಸಂಬಳಕ್ಕೆ ದುಡಿಯುವವನು, ಸಣ್ಣ ಶಾಲೆಯನ್ನು ಆರಿಸಿಕೊಂಡರೆ ನಷ್ಟವಾಗದ ಹಾಗೆ ನಿಯಮ ಇರಬೇಕು ಎನ್ನುವುದಷ್ಟೇ ನನ್ನ ಬೇಡಿಕೆ. ದೈಹಿಕ ಶಿಕ್ಷಕರನ್ನು ಉಳಿದ ಶಿಕ್ಷಕರಿಗೆ ಸಮನಾಗಿ ಕಾಣಲಿ, ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ನಮ್ಮ ಸಂಘದವರು ವರ್ಷಗಳಿಂದ ಕೇಳುತ್ತಿದ್ದಾರೆ. ಅದಕ್ಕೆ ನನ್ನ ದನಿಯೂ ಇದೆ. ಅದರ ಜೊತೆಗೆ ಖರ್ಚಿಲ್ಲದ ಮೂರು ಕೆಲಸ ಮಾಡಲಿ.

ಮೊದಲನೆಯದು, ಕೌನ್ಸೆಲಿಂಗಿನ ಪಟ್ಟಿಯಲ್ಲಿ ಪ್ರತಿ ಶಾಲೆಯ ಮುಂದೆ ನಾಲ್ಕು ಕಾಲಂ ಸೇರಿಸಲಿ: ಮಕ್ಕಳ ಸಂಖ್ಯೆ, ಮೈದಾನದ ಅಳತೆ ಮತ್ತು ಅದು ಯಾರ ಹೆಸರಿನಲ್ಲಿದೆ, ಕೊನೆಯ ದೈಹಿಕ ಶಿಕ್ಷಕರು ಹೋಗಿ ಎಷ್ಟು ತಿಂಗಳಾಯಿತು, ಸಂಜೆಯ ಕೊನೆ ಬಸ್ಸು ಎಷ್ಟಕ್ಕೆ. ಹೆಚ್ಚು ಕಾಲ ಖಾಲಿ ಇದ್ದ ಶಾಲೆ ಪಟ್ಟಿಯ ಮೇಲೆ ಬರಲಿ. ಎರಡನೆಯದು, ಮೇಷ್ಟ್ರ ಕೆಲಸವನ್ನು ಕಪ್ಪಿನಿಂದ ಅಳೆಯುವುದು ನಿಲ್ಲಲಿ. ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ವಾರಕ್ಕೆ ಮೂರು ದಿನ ಬೆವರುತ್ತಾರೆ, ಅವರಲ್ಲಿ ಹುಡುಗಿಯರೆಷ್ಟು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಬಂದು ನೋಡಲಿ. ಮೂರನೆಯದು, ಕ್ರೀಡಾಕೂಟದ ಪ್ರಮಾಣಪತ್ರದಲ್ಲಿ ಈಗಿನ ಶಾಲೆಯ ಹೆಸರಿನ ಕೆಳಗೆ ಮಗು ಎಂಟನೇ ತರಗತಿಗೆ ಸೇರಿದ ಶಾಲೆಯ ಹೆಸರನ್ನೂ ಮುದ್ರಿಸಲಿ. ಒಂದು ಸಾಲಿನ ಮಸಿ ಸಾಕು, ಕೊಯ್ದವರ ಜೊತೆ ಬಿತ್ತಿದವರ ಹೆಸರೂ ಉಳಿಯುತ್ತದೆ.

ಹನ್ನೊಂದು ವರ್ಷದಲ್ಲಿ ನನ್ನ ಶಾಲೆಗೆ ರಾಜ್ಯ ಮಟ್ಟದ ಒಂದು ಕಪ್ಪೂ ಬಂದಿಲ್ಲ. ಎರಡು ಸಲ ವಿಭಾಗಕ್ಕೆ ಹೋಗಿ ಎರಡು ಸಲವೂ ಸೋತು ಬಂದಿದ್ದೇವೆ. ಹೋದ ಹೊಸದರಲ್ಲಿ ಸಂಜೆ ಮೈದಾನದಲ್ಲಿ ಒಂಬತ್ತು ಹುಡುಗರು ಇರುತ್ತಿದ್ದರು, ಹುಡುಗಿಯರು ಇರಲಿಲ್ಲ. ಈ ಜೂನಿನಲ್ಲಿ ಎಣಿಸಿದಾಗ ಅರವತ್ತನಾಲ್ಕು ಮಕ್ಕಳಿದ್ದರು, ಅದರಲ್ಲಿ ಇಪ್ಪತ್ತೇಳು ಹುಡುಗಿಯರು. ಇದಕ್ಕೆ ಯಾವ ದರ್ಜೆ ಕೊಡುತ್ತೀರೋ ಕೊಡಿ. ಮುಂದಿನ ಕೌನ್ಸೆಲಿಂಗಿನಲ್ಲಿ ಪರದೆಯ ಮುಂದೆ ಕೂರುವ ಹೊಸ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದೇ ಮಾತು: ನೀವು ಹೋಗದಿದ್ದರೂ ಗೆಲ್ಲುವ ಶಾಲೆಗೆ ನಿಮ್ಮ ಅಗತ್ಯವಿಲ್ಲ. ಪಟ್ಟಿಯ ಕೊನೆಯಿಂದ ಓದಲು ಶುರು ಮಾಡಿ.